ಹಳದಿ ಬೋರ್ಡಿನ ಗಾಡಿ ಹಿಡಿಯುವ ಮುನ್ನ

ಟ್ಯಾಕ್ಸಿ ಓಡಿಸಲು ಏನೇನು ಬೇಕು ಎಂದು ಕೇಳಿ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಂಡಿದ್ದೇವೆ. ಒಂದೇ ಪ್ರಶ್ನೆ ನಾಲ್ಕಾರು ಪತ್ರಗಳಲ್ಲಿದ್ದ ಕಡೆ ಒಂದನ್ನಷ್ಟೇ ಉಳಿಸಿ, ಹೆಸರು ಬಿಟ್ಟು ಊರನ್ನು ಮಾತ್ರ ಕೊಟ್ಟಿದ್ದೇವೆ.

ಪ್ರಶ್ನೆ: ತಮ್ಮನಿಗೆ ಹತ್ತೊಂಬತ್ತು ನಡದೈತಿ. ಏಳನೇತ್ತಕ್ಕ ಸಾಲಿ ಬಿಟ್ಟಾನ. ಟ್ಯಾಕ್ಸಿನೇ ಓಡಿಸ್ತೀನಿ ಅಂತ ಹಠ ಹಿಡಿದಾನ. ಎಲ್ಲಿಂದ ಸುರು ಮಾಡಬೇಕು? ಏಜೆಂಟರು ಎಲ್ಲಾ ಸೇರಿ ಎಂಟು ಸಾವಿರ ಕೇಳ್ತಾರ. ಅಷ್ಟು ಖರ್ಚು ಬರ್ತದೇನು?
— ಸಿಂಧನೂರು

ಉತ್ತರ: ಶಾಲೆ ಬಿಟ್ಟದ್ದು ಅಡ್ಡಿಯಲ್ಲ. ಸಾರಿಗೆ ವಾಹನದ ಲೈಸೆನ್ಸಿಗೆ ಎಂಟನೇ ತರಗತಿ ಪಾಸಾಗಿರಬೇಕು ಎಂಬ ನಿಯಮವಿತ್ತು. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ತೆಗೆದುಹಾಕಿತು. ಲೆಕ್ಕಕ್ಕೆ ಬರುವುದು ವಯಸ್ಸು. ಕಾರಿನ ಸಾಮಾನ್ಯ ಲೈಸೆನ್ಸಿಗೆ, ಅಂದರೆ ಎಲ್‌ಎಂವಿಗೆ 18 ಸಾಕು. ಅದರ ಮೇಲೆ ‘ಟ್ರಾನ್ಸ್‌ಪೋರ್ಟ್’ ಎಂದು ಸೇರಿಸಿಕೊಳ್ಳಲು 20 ತುಂಬಿರಬೇಕು, ಎಲ್‌ಎಂವಿ ಕೈಗೆ ಬಂದು ಒಂದು ವರ್ಷವೂ ಆಗಿರಬೇಕು. ನಿಮ್ಮ ತಮ್ಮ ಇವತ್ತೇ ಎಲ್‌ಎಂವಿಗೆ ಅರ್ಜಿ ಹಾಕಿದರೆ ಎರಡೂ ಷರತ್ತು ಹೆಚ್ಚುಕಡಿಮೆ ಒಟ್ಟಿಗೇ ಮುಗಿಯುತ್ತವೆ. ಇಪ್ಪತ್ತು ತುಂಬಲಿ ನೋಡೋಣ ಎಂದು ಕೂತರೆ ಅಲ್ಲಿಂದ ಮತ್ತೊಂದು ವರ್ಷ ಕಾಯಬೇಕಾಗುತ್ತದೆ. ಬಹಳ ಹುಡುಗರು ಎಡವುವುದು ಇಲ್ಲೇ.

ಮೊದಲು ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್. ಪರಿವಾಹನ್ ಜಾಲತಾಣದ ‘ಸಾರಥಿ’ ವಿಭಾಗದಲ್ಲಿ ಕರ್ನಾಟಕ ಆರಿಸಿ ಅರ್ಜಿ ತುಂಬಬೇಕು. ಆಧಾರ್, ವಯಸ್ಸಿನ ದಾಖಲೆ, ಫೋಟೊ, ಆರೋಗ್ಯದ ಬಗ್ಗೆ ಸ್ವಂತ ಘೋಷಣೆಯ ಫಾರಂ 1 ಇದ್ದರಾಯಿತು. ಪರೀಕ್ಷೆ ಕನ್ನಡದಲ್ಲೇ ಬರೆಯಬಹುದು. ನೂರಕ್ಕೆ ಅರವತ್ತು ಸರಿಯಾದರೆ ಪಾಸು. ಎಲ್‌ಎಲ್ ಆರು ತಿಂಗಳು ನಡೆಯುತ್ತದೆ, ಡ್ರೈವಿಂಗ್ ಟೆಸ್ಟಿಗೆ 30 ದಿನ ಕಳೆದ ಮೇಲಷ್ಟೇ ಹೋಗಬಹುದು. ನಿಮ್ಮ ಕಡೆ ಭತ್ತದ ಕೊಯ್ಲು, ಮತ್ತೆ ನಾಟಿ ಎಂದು ಓಡಾಡುವಷ್ಟರಲ್ಲಿ ಆರು ತಿಂಗಳು ಹೋಗಿಯೇಬಿಡುತ್ತದೆ. ಆಮೇಲೆ ಹೊಸ ಎಲ್‌ಎಲ್, ಹೊಸ ಶುಲ್ಕ.

ಅರ್ಜಿ ಹೆಚ್ಚು ಸಲ ಸಿಕ್ಕಿಬೀಳುವುದು ಹೆಸರಿನಲ್ಲಿ. ಅಂಕಪಟ್ಟಿಯಲ್ಲಿ ಬರೀ ಹೆಸರು, ಆಧಾರ್‌ನಲ್ಲಿ ಅಪ್ಪನ ಹೆಸರೂ ಸೇರಿರುತ್ತದೆ, ಇಲ್ಲವೆ ಒಂದರಲ್ಲಿ ಇನಿಶಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ. ಹುಟ್ಟಿದ ತಾರೀಖು ಎರಡು ಕಡೆ ಎರಡು ಥರ ಇದ್ದರಂತೂ ಅರ್ಜಿ ಮುಂದೆ ಸಾಗುವುದಿಲ್ಲ. ಇದನ್ನು ಮೊದಲೇ ಸರಿಮಾಡಿಸಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಚಾಲ್ತಿಯಲ್ಲಿರಲಿ, ಒಟಿಪಿ ಬರುವುದು ಅದಕ್ಕೇ.

ಖರ್ಚಿನ ಮಾತು. ಎಲ್‌ಎಲ್‌ಗೆ 150, ಅದರ ಪರೀಕ್ಷೆಗೆ 50, ಡ್ರೈವಿಂಗ್ ಟೆಸ್ಟಿಗೆ 300, ಲೈಸೆನ್ಸಿಗೆ 200, ಸ್ಮಾರ್ಟ್ ಕಾರ್ಡಿಗೆ 200. ಒಟ್ಟು 900 ರೂಪಾಯಿ. ಉಳಿದದ್ದು ಏಜೆಂಟರ ಕೂಲಿ ಮತ್ತು ಡ್ರೈವಿಂಗ್ ಸ್ಕೂಲಿನ ಫೀಸು. ಸ್ಕೂಲಿಗೆ ಕೊಡುವ ದುಡ್ಡು ದಂಡವಲ್ಲ, ಕಲಿಸಿದರೆ. ನಿಯಮದ ಪ್ರಕಾರ ಎಲ್‌ಎಂವಿ ತರಬೇತಿ 21 ದಿನಕ್ಕೆ ಕಡಿಮೆಯಿರಬಾರದು, ಸ್ಟೀರಿಂಗ್ ಹಿಡಿದ ಸಮಯವೇ 10 ಗಂಟೆ ಆಗಬೇಕು. ‘ಹದಿನೈದು ರೌಂಡ್’ ಎಂದು ಹೇಳಿ, ರೌಂಡಿಗೆ ಹತ್ತು ನಿಮಿಷ ಓಡಿಸಲು ಕೊಟ್ಟರೆ ಅದು ಎರಡೂವರೆ ಗಂಟೆ. ಸೇರುವಾಗಲೇ ಗಂಟೆ ಲೆಕ್ಕ ಕೇಳಿ.

ಪ್ರಶ್ನೆ: ಕಾರಿನ ಲೈಸೆನ್ಸ್ ಇದ್ದರೆ ಸಾಕು, ಬ್ಯಾಡ್ಜ್ (ಟ್ಯಾಕ್ಸಿ ಚಾಲಕನ ಬಿಲ್ಲೆ) ಬೇಡ ಎಂದು ಸುಪ್ರೀಂ ಕೋರ್ಟೇ ಹೇಳಿದೆ ಅಂತಾರೆ ಸ್ಟ್ಯಾಂಡಿನಲ್ಲಿ. ಆದರೂ ಟ್ರಾವೆಲ್ಸ್‌ನವರು ‘ಟ್ರಾನ್ಸ್‌ಪೋರ್ಟ್ ಎಲ್ಲಿದೆ’ ಎಂದು ವಾಪಸ್ ಕಳಿಸುತ್ತಾರೆ. ಯಾರ ಮಾತು ನಿಜ?
— ಬಳ್ಳಾರಿ

ಉತ್ತರ: ಇಬ್ಬರದೂ. 2017ರಲ್ಲಿ ಸುಪ್ರೀಂ ಕೋರ್ಟ್, ಒಟ್ಟು ತೂಕ 7,500 ಕೆ.ಜಿ. ಮೀರದ ವಾಹನ ಬಾಡಿಗೆಯದ್ದಾದರೂ ಎಲ್‌ಎಂವಿ ಲೈಸೆನ್ಸಿನಲ್ಲೇ ಓಡಿಸಬಹುದು ಎಂದಿತು. ವಿಮಾ ಕಂಪನಿಗಳು ಒಪ್ಪದೆ ಮತ್ತೆ ಹೋದವು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಹಿಂದಿನ ತೀರ್ಪನ್ನೇ ಎತ್ತಿಹಿಡಿಯಿತು. ಟ್ಯಾಕ್ಸಿಯಾಗಿ ಓಡುವ ಯಾವ ಕಾರೂ ಆ ತೂಕದ ಹತ್ತಿರಕ್ಕೂ ಬರುವುದಿಲ್ಲ. ಹೀಗಾಗಿ ಅಪಘಾತವಾದಾಗ ‘ಡ್ರೈವರ್‌ಗೆ ಟ್ರಾನ್ಸ್‌ಪೋರ್ಟ್ ಇರಲಿಲ್ಲ’ ಎಂಬ ಒಂದೇ ನೆಪ ಹೇಳಿ ವಿಮಾ ಕಂಪನಿ ಕೈತೊಳೆದುಕೊಳ್ಳುವಂತಿಲ್ಲ.

ಕೆಲಸ ಕೊಡುವವನ ಲೆಕ್ಕ ಬೇರೆ. ಕಾರ್ಖಾನೆ, ಬ್ಯಾಂಕು, ಸರ್ಕಾರಿ ಕಚೇರಿಗೆ ಬಾಡಿಗೆ ಕಾರು ಬಿಡುವ ಟ್ರಾವೆಲ್ಸ್‌ನವರ ಕರಾರಿನಲ್ಲಿ ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ಎಂದೇ ಬರೆದಿದ್ದರೆ ಅವರು ಅದನ್ನು ಕೇಳಲೇಬೇಕು. ಆ್ಯಪ್ ಕಂಪನಿಗಳಿಗೆ ರಾಜ್ಯದ 2016ರ ನಿಯಮಾವಳಿ ಅನ್ವಯಿಸುತ್ತದೆ. ಅದರಲ್ಲಿ ಚಾಲಕನ ಅನುಭವ, ಕರ್ನಾಟಕದಲ್ಲಿ ವಾಸ, ಕನ್ನಡದ ಅರಿವು, ಪೊಲೀಸ್ ಪರಿಶೀಲನೆ ಎಲ್ಲ ಸೇರಿವೆ. ಖಾಸಗಿ ವಾಣಿಜ್ಯ ಸಾರಿಗೆ ಕಾರ್ಮಿಕರ ಅಪಘಾತ ಪರಿಹಾರ ಯೋಜನೆ ಎಂಬುದೊಂದಿದೆ. ಕಾರ್ಮಿಕ ಇಲಾಖೆಯದು, ಚಾಲಕ ಅಪಘಾತದಲ್ಲಿ ಸತ್ತರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ. ಅಲ್ಲಿಯೂ ಚಾಲಕ ವೃತ್ತಿಯವನು ಎಂದು ತೋರಿಸುವ ಲೈಸೆನ್ಸೇ ಕೆಲಸಕ್ಕೆ ಬರುವುದು.

ನಮ್ಮ ಸಲಹೆ: ಇದನ್ನೇ ಹೊಟ್ಟೆಪಾಡು ಮಾಡಿಕೊಳ್ಳುವವರು ತೀರ್ಪು ಹಿಡಿದು ವಾದಕ್ಕೆ ನಿಲ್ಲುವ ಬದಲು ಸೇರಿಸಿಕೊಂಡುಬಿಡಿ. ಹೊಸ ವರ್ಗ ಸೇರಿಸುವ ಶುಲ್ಕ 500, ಟೆಸ್ಟಿಗೆ 300. ಡ್ರೈವಿಂಗ್ ಸ್ಕೂಲಿನ ತರಬೇತಿ ಪ್ರಮಾಣಪತ್ರ ಫಾರಂ 5, ವೈದ್ಯರ ಪ್ರಮಾಣಪತ್ರ ಫಾರಂ 1ಎ ಜೊತೆಗಿರಲಿ.

ಪ್ರಶ್ನೆ: ಟ್ರಾನ್ಸ್‌ಪೋರ್ಟ್ ಮಾಡಿಸಿದರೆ ನಲವತ್ತು ವರ್ಷದವರೆಗೆ ಇರುವ ಲೈಸೆನ್ಸು ಐದೇ ವರ್ಷಕ್ಕೆ ಇಳಿಯುತ್ತದೆ ಎನ್ನುತ್ತಾರೆ. ಹೌದೇ?
— ಕೊಪ್ಪಳ

ಉತ್ತರ: ಇಲ್ಲ. ಕಾರ್ಡನ್ನು ತಿರುವಿ ನೋಡಿ, ಎರಡು ತಾರೀಖು ಇರುತ್ತವೆ. ‘ಎನ್‌ಟಿ’ ಎಂದಿರುವುದು ಸ್ವಂತ ವಾಹನದ್ದು; ಮೂವತ್ತರೊಳಗೆ ಮಾಡಿಸಿದವರಿಗೆ ಅದು ನಲವತ್ತು ತುಂಬುವವರೆಗೆ ಹಾಗೆಯೇ ಇರುತ್ತದೆ. ‘ಟಿಆರ್’, ಅಂದರೆ ಟ್ರಾನ್ಸ್‌ಪೋರ್ಟ್ ಎಂದಿರುವುದು ಮಾತ್ರ 5 ವರ್ಷದ್ದು. 2019ರ ತಿದ್ದುಪಡಿಗೆ ಮುಂಚೆ ಅದು ಮೂರೇ ವರ್ಷವಿತ್ತು.

ಅದೇ ತಿದ್ದುಪಡಿ ಇನ್ನೊಂದು ಕಡೆ ಕಿತ್ತುಕೊಂಡಿದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ. ಮೊದಲು ಅವಧಿ ಮುಗಿದ ಮೇಲೂ 30 ದಿನ ಲೈಸೆನ್ಸ್ ಚಾಲ್ತಿಯಲ್ಲಿದೆ ಎಂದೇ ಲೆಕ್ಕ. ಈಗ ಆ ಮೂವತ್ತು ದಿನ ಇಲ್ಲ. ತಾರೀಖು ದಾಟಿದ ಮರುದಿನ ನೀವು ಲೈಸೆನ್ಸ್ ಇಲ್ಲದ ಡ್ರೈವರ್. ಅವಧಿಗೆ ಒಂದು ವರ್ಷ ಮುಂಚಿನಿಂದ ಹಿಡಿದು, ಮುಗಿದು ಒಂದು ವರ್ಷದವರೆಗೂ ನವೀಕರಣಕ್ಕೆ ಅರ್ಜಿ ಹಾಕಬಹುದು. ನಡುವೆ ಗಾಡಿ ಮುಟ್ಟುವಂತಿಲ್ಲ ಅಷ್ಟೇ. ಒಂದು ವರ್ಷ ದಾಟಿಸಿದರೆ ಮತ್ತೆ ಟೆಸ್ಟ್ ಕೊಡಬೇಕು.

ಪ್ರಶ್ನೆ: ಎರಡು ಸಲ ಟೆಸ್ಟಿನಲ್ಲಿ ಫೇಲಾದೆ. ರಸ್ತೆಯಲ್ಲಿ ಚೆನ್ನಾಗಿಯೇ ಓಡಿಸುತ್ತೇನೆ. ರಿವರ್ಸ್ ತೆಗೆಯುವಾಗ ಕಂಬ ತಾಗುತ್ತದೆ. ಮೂರನೇ ಸಲವೂ ಹೋದರೆ ಏನು ಗತಿ?
— ಸಿರುಗುಪ್ಪ

ಉತ್ತರ: ಫೇಲಾದವರು ಏಳು ದಿನ ಬಿಟ್ಟು ಮತ್ತೆ ಹೋಗಬಹುದು. ಮೂರು ಸಲ ಫೇಲಾದರೆ 60 ದಿನ ಕಾಯಬೇಕು. ನಿಮ್ಮ ಎಲ್‌ಎಲ್ ಅವಧಿ ಎಷ್ಟು ಉಳಿದಿದೆ ನೋಡಿಕೊಳ್ಳಿ; ಅರವತ್ತು ದಿನ ಕಾಯುವಷ್ಟರಲ್ಲಿ ಅದೇ ಮುಗಿದುಹೋದರೆ ಮೊದಲಿನಿಂದ ಶುರು.

ಈಗ ಕಂಬದ ವಿಷಯ. ಎಚ್ ಆಕಾರದ ಟ್ರ್ಯಾಕಿನಲ್ಲಿ ಹಿಂದಕ್ಕೆ ತಿರುಗಿಸುವಾಗ ಎಲ್ಲರೂ ಹಿಂದಿನ ಕಂಬವನ್ನೇ ನೋಡುತ್ತಾರೆ, ತಾಗುವುದು ಮುಂದಿನ ಬಂಪರ್. ಕಾರು ಹಿಂದಕ್ಕೆ ತಿರುಗುವಾಗ ಹಿಂಬದಿ ಒಳಗೆ ಸರಿಯುತ್ತದೆ, ಮೂತಿ ಹೊರಗೆ ಬೀಸುತ್ತದೆ. ಆದ್ದರಿಂದ ತಿರುವಿಗೆ ಬರುವಾಗಲೇ ಹೊರಗಿನ ಕಂಬಗಳ ಕಡೆ ಜಾಗ ಬಿಟ್ಟುಕೊಂಡು, ಒಳಸಾಲಿನ ಕಡೆಗೆ ಒಂದೂವರೆ ಅಡಿ ಅಂತರದಲ್ಲಿ ಬನ್ನಿ. ಹಿಂದಿನ ಚಕ್ರ ಒಳಮೂಲೆಯ ಕಂಬದ ನೇರಕ್ಕೆ ಬಂತು ಎನ್ನುವಾಗ ಸ್ಟೀರಿಂಗ್ ಪೂರ್ತಿ ತಿರುಗಿಸಿ, ಮುಂಚೆ ಅಲ್ಲ. ಮುಂಚೆ ತಿರುಗಿಸಿದರೆ ಒಳಗಂಬಕ್ಕೆ ಹಿಂದಿನ ಬಾಗಿಲು ಉಜ್ಜುತ್ತದೆ. ತಡವಾದರೆ ಮೂತಿಗೆ ಹೊರಗಂಬ ಸಿಗುತ್ತದೆ. ಕಾರು ನೇರವಾಗುವ ಮೊದಲೇ ಸ್ಟೀರಿಂಗ್ ಬಿಚ್ಚಲು ಶುರು ಮಾಡಬೇಕು. ಪೂರ್ತಿ ನೇರವಾದ ಮೇಲೆ ಬಿಚ್ಚಿದರೆ ಕಾರು ಇನ್ನೊಂದು ಕಡೆ ಓಡುತ್ತದೆ.

ಇಷ್ಟೆಲ್ಲ ಮಾಡಲು ಸಮಯ ಬೇಕಲ್ಲ, ಅದಕ್ಕೇ ಹಾಫ್ ಕ್ಲಚ್. ಆಕ್ಸಿಲರೇಟರ್ ಮುಟ್ಟದೆ ಕ್ಲಚ್ಚಿನಲ್ಲೇ ಮನುಷ್ಯ ನಡೆಯುವುದಕ್ಕಿಂತ ನಿಧಾನ ಕಾರನ್ನು ಸರಿಸಲು ಬರಬೇಕು. ಬಯಲಿನಲ್ಲಿ ನಾಲ್ಕು ನೀರಿನ ಬಾಟಲಿ ನಿಲ್ಲಿಸಿಕೊಂಡು ದಿನಕ್ಕೆ ಅರ್ಧ ಗಂಟೆಯಂತೆ ಒಂದು ವಾರ ಇದೊಂದನ್ನೇ ಮಾಡಿ. ಟೆಸ್ಟಿಗೆ ಯಾವ ಕಾರು ಒಯ್ಯುತ್ತೀರೋ ಅದರಲ್ಲೇ ಅಭ್ಯಾಸವಾಗಲಿ: ಮನೆಯಲ್ಲಿ ಸಣ್ಣ ಕಾರು, ಟೆಸ್ಟಿಗೆ ಡಿಕ್ಕಿ ಇರುವ ಉದ್ದ ಕಾರು ಎಂದರೆ ಅಂದಾಜು ತಪ್ಪುತ್ತದೆ.

ರಸ್ತೆಯಲ್ಲಿ ಚೆನ್ನಾಗಿ ಓಡಿಸುತ್ತೇನೆ ಎನ್ನುವವರು ಮಾರ್ಕು ಕಳೆದುಕೊಳ್ಳುವ ಬೇರೆ ಜಾಗಗಳಿವೆ. ಹತ್ತಿ ಕೂತ ಕೂಡಲೇ ಬೆಲ್ಟ್ ಹಾಕದೆ ಇಂಜಿನ್ ಶುರು ಮಾಡುವುದು, ಕನ್ನಡಿ ಸರಿಪಡಿಸಿಕೊಳ್ಳದಿರುವುದು, ಹೊರಡುವಾಗ ಇಂಡಿಕೇಟರ್ ಮರೆಯುವುದು, ಏರಿನಲ್ಲಿ ನಿಲ್ಲಿಸಿ ಎತ್ತುವಾಗ ಹಿಂದಕ್ಕೆ ಜಾರುವುದು. ಹ್ಯಾಂಡ್ ಬ್ರೇಕ್ ಎಳೆದಿಟ್ಟು, ಕ್ಲಚ್ ಹಿಡಿದಾಗ ಬಾನೆಟ್ ಸ್ವಲ್ಪ ಏಳುವುದನ್ನು ನೋಡಿ ಆಮೇಲೆ ಬಿಟ್ಟರೆ ಜಾರುವುದಿಲ್ಲ.

ಪ್ರಶ್ನೆ: ವಯಸ್ಸು 43. ಸಕ್ಕರೆ ಕಾಯಿಲೆ ಇದೆ, ಕನ್ನಡಕವಿದೆ. ಬಣ್ಣ ಗುರುತಿಸುವುದರಲ್ಲೂ ಸ್ವಲ್ಪ ತೊಡಕು. ಟ್ಯಾಕ್ಸಿ ಆಸೆ ಬಿಡಬೇಕೇ?
— ರಾಯಚೂರು

ಉತ್ತರ: ಬಿಡಬೇಕಿಲ್ಲ, ಮುಚ್ಚಿಡಬಾರದು. ನಲವತ್ತು ದಾಟಿದ್ದರಿಂದ ಹೇಗೂ ವೈದ್ಯರ ಫಾರಂ 1ಎ ಬೇಕೇ ಬೇಕು. ಒಳ್ಳೆಯ ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಓದಲು ಬರುತ್ತದೆಯೇ ಎಂದು ನೋಡುತ್ತಾರೆ. ಕನ್ನಡಕ ಹಾಕಿಕೊಂಡೇ ಓದಬಹುದು. ಬಣ್ಣದ ತೊಡಕು ತೀವ್ರವಾಗಿದ್ದರೆ ಲೈಸೆನ್ಸ್ ಇಲ್ಲ. ಅಲ್ಪ ಮತ್ತು ಮಧ್ಯಮ ಪ್ರಮಾಣದ್ದಕ್ಕೆ 2020ರ ಜೂನ್ ತಿದ್ದುಪಡಿ ಅವಕಾಶ ಕೊಟ್ಟಿದೆ. ಮೊದಲು ಕಣ್ಣಿನ ವೈದ್ಯರ ಹತ್ತಿರ ಪ್ರಮಾಣ ಎಷ್ಟೆಂದು ಬರೆಸಿಕೊಳ್ಳಿ. ಸಕ್ಕರೆಯ ಬಗ್ಗೆ ಒಂದು ಮಾತು: ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಅಪಾಯ ಬರುವುದು ಸಕ್ಕರೆ ಏರಿದಾಗಲ್ಲ, ಇಳಿದಾಗ. ಗಿರಾಕಿ ದೇವಸ್ಥಾನದೊಳಗೆ ಎರಡು ಗಂಟೆ ಕೂತಿರುತ್ತಾರೆ, ನಿಮ್ಮ ಊಟದ ಹೊತ್ತು ಮೀರುತ್ತದೆ, ಬೆವರು, ನಡುಕ, ಕಣ್ಣು ಮಂಜು. ಡ್ಯಾಶ್‌ಬೋರ್ಡಿನಲ್ಲಿ ಸಕ್ಕರೆಯೋ ಗ್ಲೂಕೋಸೋ ಇರಲಿ. ಹಾಗಾದಾಗ ಗಾಡಿ ಬದಿಗೆ ಹಾಕಿ, ತಿಂದು, ಪೂರ್ತಿ ಸರಿಹೋಗುವವರೆಗೆ ಕಾಯಿರಿ.

ಪ್ರಶ್ನೆ: ಟ್ರ್ಯಾಕ್ಟರ್ ಲೈಸೆನ್ಸ್ ಇದೆ. ಅದರ ಮೇಲೆ ಕಾರು ನಡೆಸಬಹುದಾ?
— ಲಿಂಗಸುಗೂರು

ಉತ್ತರ: ಕಾರ್ಡಿನಲ್ಲಿ ಟ್ರ್ಯಾಕ್ಟರ್ ಎಂದಷ್ಟೇ ಇದ್ದರೆ ಇಲ್ಲ. ಎಲ್‌ಎಂವಿ ಇದ್ದವರು ಟ್ರ್ಯಾಕ್ಟರ್ ಓಡಿಸಬಹುದು, ತಿರುಗಾಮುರುಗಾ ಆಗದು. ಮೂರು ಚಕ್ರದ ಆಟೊ ಲೈಸೆನ್ಸಿನವರಿಗೂ ಇದೇ ಉತ್ತರ.

ಪ್ರಶ್ನೆ: ಸ್ವಂತಕ್ಕೆ ತಂದ ಬಿಳಿ ಬೋರ್ಡಿನ ಕಾರಿದೆ. ಶನಿವಾರ, ಭಾನುವಾರ ಅಂಜನಾದ್ರಿ, ಆನೆಗೊಂದಿ, ಹಂಪಿ ನೋಡಲು ಬಂದವರನ್ನು ಕರೆದೊಯ್ದರೆ ಡೀಸೆಲ್ ಹೋಗಿ ಎರಡು ಸಾವಿರ ಉಳಿಯುತ್ತದೆ. ‘ನೆಂಟರು ಅಂತ ಹೇಳಿದರಾಯ್ತು’ ಎನ್ನುತ್ತಾರೆ ಗೆಳೆಯರು.
— ಗಂಗಾವತಿ

ಉತ್ತರ: ಪೊಲೀಸರ ಮುಂದೆ ನೆಂಟರು ಎನ್ನಬಹುದು. ಅಪಘಾತವಾಗಿ ಆಸ್ಪತ್ರೆಯಲ್ಲಿ ಮಲಗಿದ ‘ನೆಂಟರು’ ವಿಮೆಯವರ ಮುಂದೆ ಎಷ್ಟು ಬಾಡಿಗೆ ಕೊಟ್ಟೆವು ಎಂದು ಹೇಳಿಯೇ ಹೇಳುತ್ತಾರೆ, ಫೋನ್‌ಪೇ ಮಾಡಿದ ದಾಖಲೆಯೂ ಇರುತ್ತದೆ. ಸ್ವಂತ ಕಾರಿನ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸಿದರೆ ವಿಮೆ ಇಲ್ಲ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ನಿಮ್ಮ ಕಾರಿನ ರಿಪೇರಿಗೆ ಪೈಸೆ ಬರುವುದಿಲ್ಲ. ಗಾಯಗೊಂಡ ಮೂರನೆಯವರಿಗೆ ಕೋರ್ಟ್ ಹೇಳಿತೆಂದು ಕಂಪನಿ ಕೊಟ್ಟರೂ ಅದನ್ನು ನಿಮ್ಮಿಂದ ವಸೂಲು ಮಾಡುತ್ತದೆ. ಹೊಲ, ಮನೆ ಹೋಗುವುದು ಹೀಗೆಯೇ. ಪರ್ಮಿಟ್ ಇಲ್ಲದೆ ಬಾಡಿಗೆ ಓಡಿಸಿದ್ದಕ್ಕೆ ಮೋಟಾರು ವಾಹನ ಕಾಯ್ದೆಯ 192ಎ ಕಲಂ 10,000 ರೂಪಾಯಿ ದಂಡ ಮತ್ತು ಆರು ತಿಂಗಳವರೆಗೆ ಜೈಲು ಎನ್ನುತ್ತದೆ.

ವಿಮೆಯ ಅಂತರವನ್ನೇ ನೋಡಿ, ಬಿಳಿ ಹಳದಿ ಏಕೆ ಬೇರೆ ಎಂದು ತಿಳಿಯುತ್ತದೆ. 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ದರದಲ್ಲಿ 1,000ದಿಂದ 1,500 ಸಿಸಿ ಒಳಗಿನ ಸ್ವಂತ ಕಾರಿಗೆ 3,416 ರೂಪಾಯಿ. ಅದೇ ಕಾರು ಟ್ಯಾಕ್ಸಿಯಾದರೆ 7,940, ಜೊತೆಗೆ ಒಬ್ಬ ಪ್ರಯಾಣಿಕನಿಗೆ 978ರಂತೆ ನಾಲ್ವರಿಗೆ 3,912. ಒಟ್ಟು 11,852, ಮೇಲೆ ಜಿಎಸ್‌ಟಿ. ಇದು ಬರೀ ಥರ್ಡ್ ಪಾರ್ಟಿ, ಗಾಡಿಯ ಸ್ವಂತ ಹಾನಿಗೆ ಬೇರೆ.

ಬದಲಾಯಿಸುವುದಾದರೆ ಅದೇ ಕಾರನ್ನು ಹಳದಿ ಬೋರ್ಡಿಗೆ ತರಬಹುದು. ಸಾಲ ಬಾಕಿಯಿದ್ದರೆ ಬ್ಯಾಂಕಿನಿಂದ ಎನ್‌ಒಸಿ (ಅಭ್ಯಂತರವಿಲ್ಲ ಎಂಬ ಪತ್ರ), ಆರ್‌ಟಿಒದಲ್ಲಿ ಅರ್ಜಿ ಮತ್ತು ಗಾಡಿ ತಪಾಸಣೆ, ತೆರಿಗೆಯ ವ್ಯತ್ಯಾಸ, ಗಾಡಿ ಓಡಲು ಯೋಗ್ಯ ಎಂಬ ಫಿಟ್‌ನೆಸ್ ಪ್ರಮಾಣಪತ್ರ, ಪರ್ಮಿಟ್, ಬಾಡಿಗೆ ವಾಹನದ ವಿಮೆ, ವೇಗಕ್ಕೆ ಮಿತಿ ಹಾಕುವ ಸ್ಪೀಡ್ ಗವರ್ನರ್, ಜಿಪಿಎಸ್ ಯಂತ್ರ ಮತ್ತು ಪ್ಯಾನಿಕ್ ಬಟನ್. ವಾರಕ್ಕೆ ಎರಡೇ ದಿನ ಓಡಿಸಿ ಇಷ್ಟೆಲ್ಲ ಹೊರುವುದು ಲಾಭವಲ್ಲ. ವಾರಕ್ಕೆ ನಾಲ್ಕೈದು ದಿನ ಬಾಡಿಗೆ ಸಿಗುತ್ತದೆ ಎಂಬ ಭರವಸೆಯಿದ್ದರೆ ಮಾತ್ರ ಕೈಹಾಕಿ.

ಪ್ರಶ್ನೆ: ಹೊಸ ಸೆಡಾನ್ ಹಳದಿ ಬೋರ್ಡಿನಲ್ಲೇ ತೆಗೆದುಕೊಳ್ಳುವವನಿದ್ದೇನೆ. ಮುಖ್ಯವಾಗಿ ಮಂತ್ರಾಲಯದ ಬಾಡಿಗೆ, ಆಗಾಗ ಹೈದರಾಬಾದ್. ರಾಜ್ಯದ ಪರ್ಮಿಟ್ ಸಾಕೇ, ಆಲ್ ಇಂಡಿಯಾ ಬೇಕೇ? ಇನ್ನೇನು ಕಾಗದ ಬೇಕು?
— ರಾಯಚೂರು

ಉತ್ತರ: ಬೆಂಗಳೂರಿನ ಟ್ಯಾಕ್ಸಿಯವನು ಈ ಪ್ರಶ್ನೆಯನ್ನು ತಡವಾಗಿ ಕೇಳಬಹುದು, ನೀವು ಮೊದಲ ದಿನವೇ ಕೇಳಬೇಕು. ಗಿಲ್ಲೆಸುಗೂರು ದಾಟಿ ತುಂಗಭದ್ರೆಯ ಸೇತುವೆ ಇಳಿದರೆ ಆಂಧ್ರ. ಮಂತ್ರಾಲಯ ಕರ್ನೂಲು ಜಿಲ್ಲೆಯಲ್ಲಿದೆ. ಇತ್ತ ಶಕ್ತಿನಗರದ ಆಚೆ ಕೃಷ್ಣಾ ಸೇತುವೆ ದಾಟಿದರೆ ತೆಲಂಗಾಣ. ಬಳ್ಳಾರಿಯವರಿಗೂ ಅಷ್ಟೇ, ಗುಂತಕಲ್ಲು, ರಾಯದುರ್ಗ, ಆದೋನಿ ಎಲ್ಲ ಹೊರರಾಜ್ಯ. ಊರಿನ ಭಾಷೆ ಕೇಳಿದರೆ ಗಡಿ ದಾಟಿದ್ದು ಗೊತ್ತಾಗುವುದಿಲ್ಲ, ಚೆಕ್‌ಪೋಸ್ಟಿನಲ್ಲಿ ಗೊತ್ತಾಗುತ್ತದೆ.

ರಾಜ್ಯದೊಳಗಿನ ಪರ್ಮಿಟ್ ಮಾತ್ರ ಇದ್ದರೆ ಪ್ರತಿ ಸಲ ಆ ರಾಜ್ಯಕ್ಕೆ ತಾತ್ಕಾಲಿಕ ಪರ್ಮಿಟ್ ಮತ್ತು ತೆರಿಗೆ ಕಟ್ಟಿಕೊಂಡೇ ಹೋಗಬೇಕು. ವರ್ಷಕ್ಕೆ ಎರಡು ಸಲ ಹೋಗುವವರಿಗೆ ಅದು ಸರಿ. ವಾರಕ್ಕೆ ಎರಡು ಸಲ ಮಂತ್ರಾಲಯ ಎನ್ನುವವರಿಗೆ ಅಖಿಲ ಭಾರತ ಪ್ರವಾಸಿ ಪರ್ಮಿಟ್ಟೇ ಲೆಕ್ಕಕ್ಕೆ ಹೊಂದುವುದು. ಇದಕ್ಕೆ 2021ರಲ್ಲಿ ಆನ್‌ಲೈನ್ ವ್ಯವಸ್ಥೆ ಬಂತು, 2023ರಲ್ಲಿ ನಿಯಮ ಹೊಸದಾಯಿತು. ಪರಿವಾಹನ್ ಜಾಲತಾಣದಲ್ಲೇ ಅರ್ಜಿ, ಅಲ್ಲೇ ಹಣ. ಎಸಿ ಇರುವ, ಇಲ್ಲದ ಗಾಡಿಗೆ ಶುಲ್ಕ ಬೇರೆ, ಸೀಟಿನ ಸಂಖ್ಯೆ ಹೆಚ್ಚಿದಂತೆ ಏರುತ್ತದೆ. ಅರ್ಜಿ ಹಾಕುವ ದಿನ ಫಿಟ್‌ನೆಸ್, ವಿಮೆ, ಹೊಗೆ ತಪಾಸಣೆ, ತೆರಿಗೆ ನಾಲ್ಕೂ ಚಾಲ್ತಿಯಲ್ಲಿರಬೇಕು. ಒಂದು ಹಿಂದೆ ಬಿದ್ದರೂ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಪರ್ಮಿಟ್ ಇದೆಯೆಂದು ಪ್ರಯಾಣಿಕರ ಪಟ್ಟಿ ಮರೆಯಬೇಡಿ. ಫೋನಿನಲ್ಲಿದ್ದರೂ ನಡೆಯುತ್ತದೆ, ಆದರೆ ಇರಲೇಬೇಕು. ‘ಸ್ವಾಮಿಗಳ ದರ್ಶನಕ್ಕೆ ಬಂದವರು ಸಾರ್’ ಎಂಬುದು ಪಟ್ಟಿಯಾಗುವುದಿಲ್ಲ.

ಇದೇ ಪತ್ರದ ಜೊತೆಗೆ ಮಾನ್ವಿಯ ಓದುಗರೊಬ್ಬರು, ಒಬ್ಬೊಬ್ಬರಿಂದ ಸೀಟಿನ ಲೆಕ್ಕದಲ್ಲಿ ದುಡ್ಡು ತೆಗೆದುಕೊಂಡರೆ ತಪ್ಪೇ ಎಂದು ಕೇಳಿದ್ದಾರೆ. ಆರು ಪ್ರಯಾಣಿಕರವರೆಗಿನ ಗಾಡಿ ಕಾಯ್ದೆಯಲ್ಲಿ ‘ಮೋಟಾರ್ ಕ್ಯಾಬ್’. ಅದರಲ್ಲಿ ಬೇರೆ ಬೇರೆ ಬಾಡಿಗೆ ಪಡೆದರೂ ಅದು ಕಾಂಟ್ರ್ಯಾಕ್ಟ್ ಕ್ಯಾರೇಜ್ (ಕರಾರಿನ ಮೇಲೆ ಓಡುವ ಬಾಡಿಗೆ ಗಾಡಿ) ಆಗಿಯೇ ಉಳಿಯುತ್ತದೆ ಎಂದು ವ್ಯಾಖ್ಯಾನದಲ್ಲೇ ಇದೆ. ಆದರೆ ಬಸ್ಸಿನಂತೆ ದಾರಿಯುದ್ದಕ್ಕೂ ಕೈ ತೋರಿಸಿದವರನ್ನೆಲ್ಲ ಹತ್ತಿಸುತ್ತ, ಇಳಿಸುತ್ತ ಹೋಗುವುದು ಪರ್ಮಿಟ್ಟಿನ ಷರತ್ತಿಗೆ ಒಗ್ಗುವುದಿಲ್ಲ. ನಾಲ್ಕು ಸೀಟಿನ ಗಾಡಿಯಲ್ಲಿ ಎಂಟು ಜನ ತುಂಬಿದರೆ ವಿಮೆ ನಾಲ್ಕೇ ಜನಕ್ಕೆ ಎಂಬುದನ್ನೂ ನೆನಪಿಟ್ಟುಕೊಳ್ಳಿ, ಪ್ರೀಮಿಯಂ ಕಟ್ಟಿದ್ದೇ ಅಷ್ಟಕ್ಕೆ.

ಇನ್ನು ಗಾಡಿ. ಶೋರೂಮಿನಲ್ಲಿ ಬುಕ್ ಮಾಡುವಾಗಲೇ ಟ್ಯಾಕ್ಸಿಗೆ ಎಂದು ಹೇಳಿ. ಟ್ಯಾಕ್ಸಿ ಮಾದರಿಗೆ 80 ಕಿ.ಮೀ. ಮಿತಿಯ ಸ್ಪೀಡ್ ಗವರ್ನರ್ ಇರಬೇಕು, ಜಿಪಿಎಸ್ ಯಂತ್ರ ಎಐಎಸ್-140 ಮಾನದಂಡದ್ದಾಗಿರಬೇಕು. ಸ್ವಂತಕ್ಕೆ ಎಂದು ಬಿಲ್ ಮಾಡಿಸಿ ಆಮೇಲೆ ಬದಲಾಯಿಸಿದರೆ ಎರಡು ಸಲ ಖರ್ಚು. ಎಂಬತ್ತರ ಗವರ್ನರ್ ಅನ್ನು ಬಿಚ್ಚಿಸಿಕೊಡುತ್ತೇವೆ ಎನ್ನುವ ಮೆಕ್ಯಾನಿಕ್‌ಗಳು ಸಿಗುತ್ತಾರೆ. ಸೀಲ್ ಒಡೆದ ಗಾಡಿ ಫಿಟ್‌ನೆಸ್‌ನಲ್ಲಿ ನಿಲ್ಲುತ್ತದೆ.

ಪ್ರಶ್ನೆ: ತೋರಣಗಲ್ಲಿನಲ್ಲಿ ಕಂಪನಿಗೆ ಹಚ್ಚಿದ ಕಾರಿನ ಡ್ರೈವರ್ ನಾನು. ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಮುಗಿದು ಎರಡು ತಿಂಗಳಾಯಿತು. ಓನರ್ ‘ಓಡ್ಸಪ್ಪಾ, ನಾನಿದೀನಿ’ ಅಂತಾರೆ. ನನಗೇನಾದರೂ ತೊಂದರೆಯೇ?
— ಸಂಡೂರು

ಉತ್ತರ: ಎಫ್‌ಸಿ ಇಲ್ಲದ ಬಾಡಿಗೆ ಗಾಡಿಗೆ ನೋಂದಣಿಯೇ ಚಾಲ್ತಿಯಲ್ಲಿಲ್ಲ ಎಂದು ಕಾಯ್ದೆಯ 56ನೇ ಕಲಂ ಹೇಳುತ್ತದೆ. ಅಂದರೆ ನೀವು ಓಡಿಸುತ್ತಿರುವುದು ನಂಬರ್ ಇಲ್ಲದ ಗಾಡಿಗೆ ಸಮ. ರಸ್ತೆಯಲ್ಲಿ ಸಿಗುವವರು ನೀವು, ಓನರ್ ಮನೆಯಲ್ಲಿರುತ್ತಾರೆ. ತಡವಾದ ಒಂದೊಂದು ದಿನಕ್ಕೂ 50 ರೂಪಾಯಿ ಹೆಚ್ಚುವರಿ ಶುಲ್ಕ ಬೀಳುತ್ತದೆ. ಅರವತ್ತು ದಿನಕ್ಕೆ ಮೂರು ಸಾವಿರ ಆಗಲೇ ಏರಿದೆ ಎಂದು ಅವರಿಗೆ ಲೆಕ್ಕ ತೋರಿಸಿ, ಬುದ್ಧಿಮಾತಿಗಿಂತ ಅದು ಬೇಗ ನಾಟುತ್ತದೆ.

ಎಂಟು ವರ್ಷದವರೆಗಿನ ಗಾಡಿಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ. ನಿಮ್ಮ ರಸ್ತೆಯಲ್ಲಿ ಅದಿರಿನ ಕೆಂಪು ಧೂಳಿನದೇ ಕಾಟ. ವೈಪರ್ ರಬ್ಬರಿನಲ್ಲಿ ಧೂಳು ಕೂತು ಗಾಜಿಗೆ ಗೀರು ಬೀಳುತ್ತದೆ, ರಿಫ್ಲೆಕ್ಟರ್ ಪಟ್ಟಿ ಮಸುಕಾಗುತ್ತದೆ, ಏರ್ ಫಿಲ್ಟರ್ ಕಟ್ಟಿ ಹೊಗೆ ಹೆಚ್ಚುತ್ತದೆ. ತಪಾಸಣೆಗೆ ಹೋಗುವ ಹಿಂದಿನ ದಿನ ಇವನ್ನು ಬದಲಿಸಿ. ಟೈರಿನ ತೋಡಿನ ಆಳ 1.6 ಮಿ.ಮೀ.ಗಿಂತ ಕಡಿಮೆಯಿದ್ದರೆ ಪಾಸಾಗದು. ಹೆಡ್‌ಲೈಟಿನ ನೇರ, ಹ್ಯಾಂಡ್ ಬ್ರೇಕ್, ಹಿಂದಿನ ಸೀಟಿನ ಬೆಲ್ಟು ನೋಡಿಕೊಳ್ಳಿ; ಹಿಂದಿನ ಬೆಲ್ಟು ಸೀಟ್ ಕವರಿನ ಕೆಳಗೆ ಹೂತುಹೋಗಿರುವುದೇ ಹೆಚ್ಚು. ಜಿಪಿಎಸ್ ಯಂತ್ರ ಕೂತಿದ್ದರೆ ಸಾಲದು, ಅದರ ಸಿಮ್ ಚಾಲ್ತಿಯಲ್ಲಿದ್ದು ಸಿಗ್ನಲ್ ಹೋಗುತ್ತಿರಬೇಕು.

ಮುಂದೆ ಯಾರ ಗಾಡಿ ಹಿಡಿದರೂ ಕೀಲಿ ತೆಗೆದುಕೊಳ್ಳುವ ಮೊದಲು ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹೊಡೆದು ಎಫ್‌ಸಿ, ವಿಮೆ, ಹೊಗೆ ತಪಾಸಣೆಯ ತಾರೀಖು ನೋಡಿ. ಒಂದು ನಿಮಿಷದ ಕೆಲಸ.

ಪ್ರಶ್ನೆ: ಟ್ಯಾಕ್ಸಿ ಕೊಳ್ಳಲು ಸರ್ಕಾರದ ಸಹಾಯಧನ ಇದೆಯಂತೆ. ಎಷ್ಟು, ಯಾರಿಗೆ?
— ದೇವದುರ್ಗ

ಉತ್ತರ: ‘ಸ್ವಾವಲಂಬಿ ಸಾರಥಿ’ ಎಂಬ ಯೋಜನೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ವಾಹನದ ಬೆಲೆಯ ಶೇ 75, ಹೆಚ್ಚೆಂದರೆ 4 ಲಕ್ಷ. ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರಿಗೆ ಶೇ 50, ಹೆಚ್ಚೆಂದರೆ 3 ಲಕ್ಷ. ಆಯಾ ಸಮುದಾಯದ ಅಭಿವೃದ್ಧಿ ನಿಗಮದ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ನಿಮ್ಮ ಭಾಗದಲ್ಲಿ ಹೆಚ್ಚು ಜನ ಹೋಗುವುದು ಅಂಬೇಡ್ಕರ್ ನಿಗಮ ಮತ್ತು ವಾಲ್ಮೀಕಿ ನಿಗಮಕ್ಕೆ. ಅರ್ಜಿ ಕರೆದಾಗ ಮಾತ್ರ ಹಾಕಬಹುದು, ಜಿಲ್ಲೆಗೆ ಇಷ್ಟೇ ಎಂಬ ಗುರಿ ಇರುವುದರಿಂದ ಹಾಕಿದವರಿಗೆಲ್ಲ ಸಿಗುವುದಿಲ್ಲ. ಜಾತಿ, ಆದಾಯ ಪ್ರಮಾಣಪತ್ರ, ಲೈಸೆನ್ಸ್ ಮೂರೂ ಆ ದಿನಕ್ಕೆ ಸಿದ್ಧವಿರಬೇಕು. ಪ್ರಕಟಣೆ ಬಂದ ಮೇಲೆ ಎಲ್‌ಎಲ್‌ಗೆ ಓಡುವವರು ಆ ವರ್ಷ ತಪ್ಪಿಸಿಕೊಂಡಂತೆಯೇ.

ಹಣ ನಿಮ್ಮ ಕೈಗೆ ಬರುವುದಿಲ್ಲ, ಬ್ಯಾಂಕ್ ಸಾಲದ ಜೊತೆ ಹೊಂದಿಸುತ್ತಾರೆ. 7 ಲಕ್ಷದ ಕಾರಿಗೆ ಮುಕ್ಕಾಲು ಪಾಲು ಎಂದರೆ 5.25 ಲಕ್ಷ, ಆದರೆ ಮಿತಿ 4 ಲಕ್ಷ. ಉಳಿದ 3 ಲಕ್ಷ ಸಾಲ. ಶೇ 10 ಬಡ್ಡಿ, ಐದು ವರ್ಷ ಎಂದುಕೊಂಡರೆ ತಿಂಗಳ ಕಂತು ಸುಮಾರು 6,375. ಶೇ 50ರ ಗುಂಪಿನವರಿಗೆ 4 ಲಕ್ಷ ಸಾಲ, ಕಂತು 8,500 ಆಸುಪಾಸು. ಬ್ಯಾಂಕಿನವರು ನೋಡುವುದು ನಿಮ್ಮ ಹಳೆಯ ಸಾಲದ ನಡತೆ. ಬೈಕಿನ ಕಂತೋ ಸಂಘದ ಸಾಲವೋ ಬಾಕಿಯಿದ್ದರೆ ಮೊದಲು ತೀರಿಸಿ.

ಪ್ರಶ್ನೆ: ಬಾಡಿಗೆ ಎಷ್ಟು ಕೇಳಬೇಕು? ಊರೊಳಗೆ ಒಂದು ಲೆಕ್ಕ, ಹೊರಗೆ ಹೋದರೆ ಒಂದು ಲೆಕ್ಕ. ದಿನಾ ಜಗಳ.
— ಕುಷ್ಟಗಿ

ಉತ್ತರ: ನಗರದೊಳಗಿನ ಟ್ಯಾಕ್ಸಿಗೆ ರಾಜ್ಯ ಸರ್ಕಾರ 2024ರ ಆರಂಭದಲ್ಲಿ ಏಕರೂಪ ದರ ಗೊತ್ತುಮಾಡಿದೆ. 10 ಲಕ್ಷದೊಳಗಿನ ಗಾಡಿಗೆ ಮೊದಲ 4 ಕಿ.ಮೀ.ಗೆ 100 ರೂಪಾಯಿ, ಆಮೇಲೆ ಕಿ.ಮೀ.ಗೆ 24. ಹತ್ತರಿಂದ ಹದಿನೈದು ಲಕ್ಷದ್ದಕ್ಕೆ 115 ಮತ್ತು 28, ಅದಕ್ಕೂ ಮೇಲಿನದಕ್ಕೆ 130 ಮತ್ತು 32. ಕಾಯುವುದು ಮೊದಲ ಐದು ನಿಮಿಷ ಪುಕ್ಕಟೆ, ಆಮೇಲೆ ನಿಮಿಷಕ್ಕೆ ಒಂದು ರೂಪಾಯಿ. ರಾತ್ರಿ 12ರಿಂದ ಬೆಳಗಿನ 6ರವರೆಗೆ ಶೇ 10 ಹೆಚ್ಚು. ಸಣ್ಣ ಕಾರಿನಲ್ಲಿ 12 ಕಿ.ಮೀ. ಹೋದರೆ 100 ಜೊತೆಗೆ ಎಂಟು ಕಿ.ಮೀ.ಗೆ 192, ಒಟ್ಟು 292. ರಾತ್ರಿಯಾದರೆ 321.

ಜಗಳವಾಗುವುದು ಹೊರಗಿನ ಬಾಡಿಗೆಯಲ್ಲಿ. ಅಲ್ಲಿ ನಡೆಯುವುದು ಬಾಯಿಮಾತಿನ ರೂಢಿ: ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ., ಜೊತೆಗೆ ಡ್ರೈವರ್ ಬಾಟಾ, ಟೋಲ್, ಪಾರ್ಕಿಂಗ್. ಕಿ.ಮೀ.ಗೆ 13 ರೂಪಾಯಿ, ಕನಿಷ್ಠ 300 ಎಂದು ಮಾತಾಗಿ, ಗಿರಾಕಿ ಇಡೀ ದಿನ ಇಟ್ಟುಕೊಂಡು ಓಡಿಸಿದ್ದು 180 ಕಿ.ಮೀ. ಆದರೂ 3,900 ರೂಪಾಯಿ ಆಗುತ್ತದೆ. ಗಿರಾಕಿ ಮೀಟರ್ ನೋಡಿ 2,340 ಎಂದು ಲೆಕ್ಕ ಹಾಕಿರುತ್ತಾರೆ. ಇನ್ನೊಂದು, ಕಿ.ಮೀ. ಎಣಿಸುವುದು ಅವರ ಮನೆ ಬಾಗಿಲಿನಿಂದಲ್ಲ, ಗಾಡಿ ಶೆಡ್ ಬಿಟ್ಟು ಶೆಡ್‌ಗೆ ಬರುವವರೆಗೆ. ದಿನ ಎಂದರೆ ರಾತ್ರಿ 12ಕ್ಕೆ ಮುಗಿಯುವ ದಿನ, ಇಪ್ಪತ್ತನಾಲ್ಕು ಗಂಟೆಯಲ್ಲ. ಈ ನಾಲ್ಕು ಮಾತನ್ನು ಬಾಡಿಗೆ ಒಪ್ಪುವ ಮೊದಲೇ ವಾಟ್ಸ್‌ಆ್ಯಪಿನಲ್ಲಿ ಬರೆದು ಕಳಿಸಿ, ‘ಸರಿ’ ಎಂದು ಅವರಿಂದ ಬರೆಸಿಕೊಳ್ಳಿ. ಹೊರಡುವಾಗ ಓಡೋಮೀಟರಿನ ಫೋಟೊ ಒಂದು, ಬಂದಾಗ ಒಂದು.

ಪ್ರಶ್ನೆ: ಹೆಂಗಸರಿಗೆ ಟ್ಯಾಕ್ಸಿ ಲೈಸೆನ್ಸಿಗೆ ನಿಯಮ ಬೇರೆ ಇದೆಯೇ? ಕಲಿಸುವವರು ‘ನಿಮಗ್ಯಾಕಮ್ಮಾ’ ಎನ್ನುತ್ತಾರೆ.
— ಕಂಪ್ಲಿ

ಉತ್ತರ: ಒಂದೇ ನಿಯಮ, ಒಂದೇ ಶುಲ್ಕ, ಒಂದೇ ಟ್ರ್ಯಾಕ್. ‘ನಿಮಗ್ಯಾಕಮ್ಮಾ’ ಎನ್ನುವ ಸ್ಕೂಲನ್ನು ಬಿಟ್ಟು ಬೇರೆ ಸ್ಕೂಲಿಗೆ ಸೇರಿ, ಅಲ್ಲೂ ಹತ್ತು ಗಂಟೆಯ ಲೆಕ್ಕ ಕೇಳಿ. ಸೀಟು ಮುಂದಕ್ಕೆ ಎಳೆದರೂ ಕ್ಲಚ್ ಪೂರ್ತಿ ಒತ್ತಲು ಕಾಲು ಸಾಲದಿದ್ದರೆ ಬೆನ್ನ ಹಿಂದೆ ಗಟ್ಟಿ ದಿಂಬು ಇಟ್ಟುಕೊಳ್ಳಿ. ಅರ್ಧ ಒತ್ತಿದ ಕ್ಲಚ್ಚಿನಲ್ಲೇ ಗೇರ್ ಹಾಕುವ ಅಭ್ಯಾಸವಾದರೆ ಆಮೇಲೆ ಬಿಡಿಸುವುದು ಕಷ್ಟ.